ಕರಡಿಯೊಳಗಿನ ಸಾವಂತ್ರಕ್ಕ

ಸಾವಂತ್ರಕ್ಕನಿಗೆ ಸಿಟ್ಟು ಬಂದಿದೆ ಎಂಬುದು ಅವಳ ಬೆನ್ನು ನೋಡಿದರೆ ತಿಳಿಯುತ್ತಿತ್ತು. ಬನಹಟ್ಟಿಯ ನಮ್ಮ ಓಣಿಯ ನಳದ ಮುಂದೆ ಕೊಡ ಇಟ್ಟು, ಎಲ್ಲರಿಗೂ ಬೆನ್ನು ಮಾಡಿ ನಿಂತಳೆಂದರೆ, ಹಿಂದಿದ್ದ ಹೆಂಗಸರ ಮಾತು ತಂತಾನೇ ನಿಲ್ಲುತ್ತಿತ್ತು. ಎಡಹೆಗಲು ಒಂದಿಷ್ಟು ಮೇಲೆ, ಕುತ್ತಿಗೆ ಒಂದಿಷ್ಟು ಒಳಗೆ, ಅಷ್ಟೇ. ಬಾಯಿ ತೆರೆಯುತ್ತಿರಲಿಲ್ಲ. ಸರದಿ ಮುರಿದು ಮುಂದೆ ನುಗ್ಗಿದವಳು ತಾನಾಗಿಯೇ ಕೊಡ ಎತ್ತಿಕೊಂಡು ಹಿಂದಕ್ಕೆ ಹೋಗುತ್ತಿದ್ದಳು. ಖುಷಿಯಾದರೂ ಹಾಗೆಯೇ, ಬೆನ್ನಿನ ಮೇಲೆಯೇ ನಗು ಕಾಣುತ್ತಿತ್ತು.

ಅದಕ್ಕೆ ಕಾರಣವಿತ್ತು. ಊರೂರು ತಿರುಗುವ ನಾಟಕ ಕಂಪನಿಯೊಂದರಲ್ಲಿ ಅವಳು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದಳು. ಅಷ್ಟು ವರ್ಷದಲ್ಲಿ ಒಬ್ಬ ಪ್ರೇಕ್ಷಕನೂ ಅವಳ ಮುಖ ನೋಡಿರಲಿಲ್ಲ. ತಾಯಿ ಆ ಕಂಪನಿಯ ಅಡಿಗೆಯವಳು. ಸಾವಳಗಿಯ ಕ್ಯಾಂಪಿನಲ್ಲಿ ಕರಡಿಯ ವೇಷದವನು ಮಾಲೀಕರ ಜೊತೆ ಜಗಳಾಡಿ ಆಟದ ದಿನವೇ ಓಡಿಹೋದಾಗ, ಹತ್ತೊಂಬತ್ತರ ಈ ಹುಡುಗಿ ಆ ತೊಗಲಿನೊಳಗೆ ಹೊಕ್ಕಳು. ಆಮೇಲೆ ಕರಡಿ, ಮಂಗ, ಎತ್ತಿನ ಮುಂಗಾಲು, ಏನು ಬೇಕೋ ಅದು. "ಮುಖಾ ತೋರಿಸಿ ಪಾರ್ಟ ಮಾಡೂದು ಏನ ದೊಡ್ಡದರಿ ಅಕ್ಕೋರ" ಎನ್ನುತ್ತಿದ್ದಳು. "ಮುಖಾ ಮುಚ್ಚಿ ಮಾಡಿ ತೋರಸ್ರಿ ನೋಡೂಣು. ಅಳೂದ ಬೆನ್ನಾಗ ಬರಬೇಕು."

ಅಕ್ಕೋರು ಎಂದರೆ ನಾನು. ನಮ್ಮ ಕಡೆ ಸಾಲಿಯ ಶಿಕ್ಷಕಿಯರನ್ನು ಹಾಗೆ ಕರೆಯುತ್ತಾರೆ. ಜಮಖಂಡಿಯವಳಾದ ನಾನು ಹೈಸ್ಕೂಲಿಗೆ ವರ್ಗವಾಗಿ ಬಂದು ಅವಳ ಎದುರು ಮನೆಯಲ್ಲಿ ಬಾಡಿಗೆಗಿದ್ದೆ. ಅವಳು ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಆದರೂ ನನ್ನ ಓದಿಗೆ ಮರ್ಯಾದೆ ಕೊಟ್ಟು 'ನೀವು' ಎನ್ನುತ್ತಿದ್ದಳು. ಅಷ್ಟು ಹೊತ್ತಿಗೆ ಟಿವಿ, ವಿಡಿಯೋ ಬಂದು ಕಂಪನಿ ಮುಚ್ಚಿತ್ತು. ಅವಳು ಪಾವರಲೂಮಿನವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಬದುಕುತ್ತಿದ್ದಳು. ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ಮುಧೋಳದಲ್ಲಿ ತಂಗಿಯ ಮಗಳೊಬ್ಬಳಿದ್ದಳು.

ಒಂದು ವರ್ಷ ನಮ್ಮ ಸಾಲಿಯ ಗ್ಯಾದರಿಂಗಿಗೆ ಅವಳನ್ನು ಒಪ್ಪಿಸಿ ಕರೆದೊಯ್ದೆ. ಓಣಿಯ ತುದಿಯ ಕುರುಬರ ಮನೆಯಿಂದ ಎರಡು ಕರಿಕಂಬಳಿ ಎರವಲು ತಂದು ಮೈಗೆ ಸುತ್ತಿಕೊಂಡಳು. ತಲೆಗೆ ಒಂದು ಗೋಣಿಚೀಲ. ಬೇರೇನೂ ಇಲ್ಲ. ಸ್ಟೇಜಿನ ಮೂಲೆಯಿಂದ ಬಂದು, ಮುಖ್ಯ ಅತಿಥಿಗಳ ಮುಂದಿನ ಹೂವಿನ ಹಾರ ಮೂಸಿ, ಸೀನಿ, ನಾಚಿಕೆಯಾದಂತೆ ತಿರುಗಿ ಕುಳಿತಳು. ಆ ಕುಳಿತ ಭಂಗಿಗೇ ಇಡೀ ಮೈದಾನ ನಕ್ಕಿತು. ಅತಿಥಿಯಾಗಿ ಬಂದಿದ್ದ ಅಧಿಕಾರಿ ಕಣ್ಣೊರೆಸಿಕೊಳ್ಳುತ್ತ, "ಆ ಹುಡುಗ ಯಾವ ಕ್ಲಾಸು?" ಎಂದು ಕೇಳಿದರು. ನಲವತ್ತಾರು ವರ್ಷದ ಆ ಹುಡುಗ ಗೋಣಿಚೀಲದೊಳಗೆ ಕೆಮ್ಮುತ್ತಿದ್ದ.

ಅಂದಿನಿಂದ ನನ್ನ ತಲೆಯಲ್ಲಿ ಒಂದು ಹುಳು ಹೊಕ್ಕಿತು. ಇಂಥ ವಿದ್ಯೆ ಇಟ್ಟುಕೊಂಡು ಈಕೆ ಕಂಡಿಕೆ ಸುತ್ತುತ್ತ ಸಾಯಬೇಕೆ? ಆಗಲೇ ಪೇಪರಿನಲ್ಲಿ ಜಾಹೀರಾತು ಬಂತು. ಬೆಳಗಾವಿ ಕಡೆಯ ಹೆದ್ದಾರಿಯಲ್ಲಿ ದೊಡ್ಡ ಮನೋರಂಜನಾ ಪಾರ್ಕ್ ತೆರೆಯುತ್ತಿದೆ, ಪ್ರಾಣಿಗಳ ವೇಷ ಹಾಕಿ ಮಕ್ಕಳನ್ನು ರಂಜಿಸುವ ಕಲಾವಿದರು ಬೇಕು, ತಿಂಗಳ ಸಂಬಳ, ವಸತಿ. ನಮ್ಮ ಭಾಗದಲ್ಲಿ ಬಯಲಾಟದವರು, ನಾಟಕದವರು ಬಹಳ ಎಂದು ಆಯ್ಕೆಯನ್ನು ಜಮಖಂಡಿಯಲ್ಲೇ ಇಟ್ಟಿದ್ದರು. ಅರ್ಜಿ ನಾನೇ ತುಂಬಿದೆ. ಹೆಸರಿನ ಜಾಗದಲ್ಲಿ ಇನಿಶಿಯಲ್ ಮಾತ್ರ ಬರೆದೆ, ಹೆಂಗಸೆಂದು ತಿಳಿಯದಿರಲಿ ಅಂತ. ವಯಸ್ಸು ಮೂವತ್ತೈದು ಎಂದೆ.

"ಸುಳ್ಳ ಯಾಕ ಬರದ್ರಿ?"

"ಒಳಗ ಹೋದ ಮ್ಯಾಲ ನಿನ್ನ ಕೆಲಸಾ ನೋಡತಾರ. ಅಲ್ಲೀತನಕ ಹೋಗಬೇಕಲ್ಲ."

ಜಮಖಂಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ ನಲವತ್ತು ಮಂದಿ ಸೇರಿದ್ದರು. ಹುರಿಮೀಸೆಯ ಬಯಲಾಟದ ಕಲಾವಿದರು, ಕಾಲೇಜು ಮುಗಿಸಿ ಕೆಲಸವಿಲ್ಲದ ಹುಡುಗರು. ಹೆಂಗಸರೆಂದರೆ ನಾವಿಬ್ಬರೇ. ನನ್ನನ್ನು ಯಾರದೋ ಅಕ್ಕ ಎಂದುಕೊಂಡಿದ್ದರು, ಅವಳನ್ನು ಯಾರದೋ ತಾಯಿ. ಬೆಂಗಳೂರಿನಿಂದ ಬಂದ ಮ್ಯಾನೇಜರ್ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ. ಇರುವುದು ಒಂದೇ ವೇಷ. ಕಂದು ಬಣ್ಣದ ಕೂದಲಿನ ಬಟ್ಟೆಯ ಕರಡಿ, ಸ್ಪಂಜು ಒತ್ತಿ ಮಾಡಿದ ಹಂಡೆಯಷ್ಟು ದೊಡ್ಡ ತಲೆ. ಕಣ್ಣಿಗೆ ತೂತಿಲ್ಲ. ಬಾಯಿಯ ಜಾಳಿಗೆಯಿಂದಲೇ ನೋಡಬೇಕು, ಅದರಿಂದಲೇ ಉಸಿರಾಡಬೇಕು. ಒಬ್ಬ ಬಿಚ್ಚಿದ ಬೆವರಿನ ತೊಗಲನ್ನು ಇನ್ನೊಬ್ಬ ತೊಡಬೇಕು. ಪರದೆಯ ಹಿಂದೆ ತೊಟ್ಟು, ಮುಂದೆ ಬಂದು ಟೇಪಿನ ಹಾಡಿಗೆ ಕುಣಿಯಬೇಕು.

ಅವಳಿಗಿಂತ ಮುಂದಿದ್ದವರೆಲ್ಲ ಕುಣಿದರು. ಸಾವಂತ್ರಕ್ಕ ಕುಣಿಯಲಿಲ್ಲ. ಪರದೆ ಸರಿಸಿ ಬಂದ ಕರಡಿ ಎಲ್ಲರಿಗೂ ಬೆನ್ನು ಮಾಡಿ ನಿಂತಿತು. ಮೆಲ್ಲಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕಿತು. ಗಾಳಿ ಮೂಸಿತು. ಚಹಾದ ವಾಸನೆ ಹಿಡಿದು ಮ್ಯಾನೇಜರನ ಟೇಬಲ್ಲಿಗೆ ಹೋಗಿ, ಕಪ್ಪಿನ ಹತ್ತಿರ ಮೂತಿ ಒಯ್ದು, ಬಿಸಿಗೆ ಬೆದರಿ ಹಿಂದೆ ಸರಿಯಿತು. ಮೇಲೆ ತಿರುಗುವ ಫ್ಯಾನು ಕಂಡು ತಲೆ ಮುಚ್ಚಿಕೊಂಡು ಕುಳಿತಿತು. ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ನನ ನಾಲ್ಕು ವರ್ಷದ ಮಗಳು ತಾನಾಗಿಯೇ ಬಂದು ಕರಡಿಯ ಕೈ ಹಿಡಿದು, "ಹೆದರಬ್ಯಾಡ, ಅದು ಫ್ಯಾನು" ಎಂದಳು. ನಲವತ್ತು ಗಂಡಸರು ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಎದ್ದು ನಿಂತು, "ಇವರು ಸೆಲೆಕ್ಟ್! ಇನ್ನು ಎರಡನೆಯವರನ್ನ ನೋಡೋಣ" ಎಂದ.

ಆಮೇಲೆ ಅವಳು ಕರಡಿಯ ತಲೆ ತೆಗೆದಳು. ನರೆಗೂದಲು ಹಣೆಗಂಟಿತ್ತು, ಕುಂಕುಮ ಮೂಗಿನ ಮೇಲೆ ಇಳಿದಿತ್ತು. "ಯಪ್ಪಾ, ಹೆಣ್ಣಮಗಳು!" ಎಂದು ಯಾರೋ ಉದ್ಗರಿಸಿದರು. ಮ್ಯಾನೇಜರ್ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ನಕ್ಕು, "ಪರವಾಗಿಲ್ಲಮ್ಮ. ಒಳಗಡೆ ಯಾರಿದ್ದರೇನು, ಯಾರಿಗೂ ಕಾಣಲ್ಲ" ಎಂದ. ನನಗೆ ಅಳು ಬರುವಷ್ಟು ಸಂತೋಷ. ಅವನ ಆ ಮಾತು ಎಂಥದೆಂದು ಆಗ ನನಗೆ ಹೊಳೆಯಲೇ ಇಲ್ಲ.

ಸಾವಂತ್ರಕ್ಕನಿಗೆ ಹೊಳೆದಿತ್ತು.

"ಇದರೊಳಗ ಎಷ್ಟೊತ್ತ ಇರಬೇಕ್ರಿ ಸಾಹೇಬ್ರ?"

"ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದು. ಮಧ್ಯೆ ಊಟಕ್ಕೆ ಅರ್ಧ ಗಂಟೆ."

"ನಡಬರಕ ತಲಿ ತಗ್ಯಾಕ?"

"ಮಕ್ಕಳ ಮುಂದೆ ತೆಗೆಯೋ ಹಾಗಿಲ್ಲ. ಅದು ರೂಲು."

"ಬ್ಯಾಸಿಗ್ಯಾಗ?"

"ಜನ ಬರೋದೇ ಬೇಸಿಗೆ ರಜಾದಲ್ಲಿ ಅಲ್ವೇನಮ್ಮ?"

ಅವಳು ಆ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಟೇಬಲ್ಲಿನ ಮೇಲಿಟ್ಟಳು. ಚಹಾ ಚೆಲ್ಲಿತು. "ಹಂಗಾರ ನೀವ ಒಮ್ಮೆ ಹಾಕ್ಕೋರಿ. ಹೊರಗ ಅಂಗಳದಾಗ ಬಿಸಲಿಗೆ ಅರ್ಧಾ ತಾಸ ನಿಂದರ್ರಿ. ಆಮ್ಯಾಲ ರೂಲ ಬರೀರಿ. ಒಳಗಿರೂದು ಮನಷ್ಯಾರಿ! ಅರ್ಧಾ ತಾಸಿಗೊಮ್ಮೆ ತಲಿ ತಗೀಬೇಕು, ನೀರ ಕುಡೀಬೇಕು, ನೆಳ್ಳಾಗ ಕುಂಡರಬೇಕು. ಇಲ್ಲಾಂದ್ರ ಹೆಣಾ ಬೀಳತೈತಿ."

ಸಾಲಿನಲ್ಲಿದ್ದವರು ನಕ್ಕರು. ಅವರು ನಕ್ಕದ್ದನ್ನೇ ಮ್ಯಾನೇಜರನಿಗೆ ಸಹಿಸಲಾಗಲಿಲ್ಲ. "ಜಗಳ ಮಾಡೋರು ನಮಗೆ ಬೇಡಮ್ಮ. ನೆಕ್ಸ್ಟ್!" ಎಂದ.

ಮುಂದಿನವನು ಹಿಪ್ಪರಗಿಯ ಪ್ರಕಾಶ, ಬಿ.ಎ. ಮುಗಿಸಿದ ತೆಳ್ಳಗಿನ ತರುಣ. ಅವಳು ಬಿಚ್ಚಿದ ತೊಗಲನ್ನು ತೊಡುತ್ತ, "ಯಕ್ಕಾ, ಒಳಗ ಉಸಿರ ಹೆಂಗ ಹಿಡೀತಿ?" ಎಂದು ಕೇಳಿದ. ಅವಳು ಅವನ ಹೆಗಲು ಹಿಡಿದು, "ಹಿಡೀಬ್ಯಾಡೋ. ಯಾರ ಬೈದರೂ ತಲಿ ತಗಿ, ತಿಳೀತಿಲ್ಲೋ?" ಎಂದಳು. ಅವನು ತಲೆಯಾಡಿಸಿದ. ಅವನಿಗೆ ಕೆಲಸ ಬೇಕಾಗಿತ್ತು, ಸಿಕ್ಕಿತು.

ವಾಪಸು ಬರುವ ಬಸ್ಸಿನಲ್ಲಿ ನಾನು ಅವಳಿಗೆ ಏನೇನು ಅಂದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಕೈಗೆ ಬಂದದ್ದನ್ನು ಒದ್ದು ಬಂದೆ, ನನ್ನ ಮುಖಕ್ಕೆ ಮಸಿ ಬಳಿದೆ, ನಿನ್ನ ಹಣೆಬರಹ ಕಂಡಿಕೆ ಸುತ್ತುವುದೇ, ಎಂದೆಲ್ಲ ಅಂದೆ. ಅದಕ್ಕೆ ಅವಳು ರುದ್ರಪ್ಪನ ಕತೆ ಹೇಳಿದಳು.

ರುದ್ರಪ್ಪ ಕಂಪನಿಯ ಹುಲಿ. ಬೀಳಗಿಯ ಕ್ಯಾಂಪಿನಲ್ಲಿ ಒಂದು ಏಪ್ರಿಲ್, ಟಿಕೀಟು ಹೋಗುತ್ತಿಲ್ಲವೆಂದು ಮಾಲೀಕರು ಹುಲಿಯನ್ನು ಚಕ್ಕಡಿಯ ಮೇಲೆ ನಿಲ್ಲಿಸಿ ಪೇಟೆಯ ತುಂಬ ಮೆರೆಸಿದರು. ಬೆಳಿಗ್ಗೆಯಿಂದ ನಡುಮಧ್ಯಾಹ್ನದವರೆಗೆ. ಹತ್ತಿ ತುಂಬಿದ ತೊಗಲು. ಬಾಲ ಹಿಡಿದು ಹಿಂದೆ ನಡೆಯುವ ಕೆಲಸ ಸಾವಂತ್ರಕ್ಕನದು. ಸಂತೆಯ ನಡುವೆ ಹುಲಿ ಚಕ್ಕಡಿಯಿಂದ ಬಿದ್ದು ಕಾಲು ಬಡಿಯತೊಡಗಿತು. ಜನ ಚಪ್ಪಾಳೆ ಹೊಡೆದರು.

"ಅಂವಾ ಸಾಯಾಕತ್ತಾನೋ ಅಂತ ನಾ ಒದರಿದೆ. ಅದೂ ಆಟದಾಗಿಂದ ಅಂತ ತಿಳದು ಮತ್ತಷ್ಟ ಚಪ್ಪಾಳಿ ಹೊಡದ್ರು. ಬೆನ್ನಿನ ಹೊಲಿಗಿ ಹಲ್ಲೀಲೆ ಹರದೆ. ಹರಿಯೂದ್ರೊಳಗ ಹ್ವಾದ."

ನಾನು ಏನೆಂದೆ? "ಅದು ಹಳೀ ಕಾಲದ ಮಾತು. ಇವರದು ದೊಡ್ಡ ಕಂಪನಿ. ಡಾಕ್ಟರ್ ಇರ್ತಾರ, ಎಲ್ಲಾ ಇರ್ತೈತಿ" ಎಂದೆ. ಆಮೇಲೆ ಐದು ತಿಂಗಳು ಎದುರುಬದುರು ಮನೆಯಲ್ಲಿದ್ದು ಮಾತಿಲ್ಲದೆ ಕಳೆದೆವು.

ಏಪ್ರಿಲ್ ಮೊದಲ ವಾರ, ವಾರ್ಷಿಕ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಒಂಬತ್ತನೆಯ ಕ್ಲಾಸಿನ ಹುಡುಗಿಯರು ಪ್ರವಾಸ ಬೇಕೆಂದು ಗಂಟು ಬಿದ್ದರು. ಇಲಾಖೆಯ ಪರವಾನಗಿ ತೆಗೆಯದೆಯೇ, ಹೆಡ್‌ಮಾಸ್ತರರ ಬಾಯಿಮಾತಿನ ಮೇಲೆ ನಾನು ಮೂವತ್ತು ಹುಡುಗಿಯರನ್ನು ಆ ಪಾರ್ಕಿಗೆ ಕರೆದೊಯ್ದೆ. ಸುಳ್ಳೇಕೆ ಹೇಳಲಿ, ಸಾವಂತ್ರಕ್ಕ ಕಳೆದುಕೊಂಡದ್ದು ಏನೆಂದು ನೋಡುವ ಚಪಲವೂ ನನಗಿತ್ತು.

ಮಧ್ಯಾಹ್ನ ಎರಡರ ಸುಮಾರು. ಕಾರಂಜಿಯ ಮುಂದೆ ಕರಡಿ ಕೈಕಾಲು ಚಾಚಿ ಕಟ್ಟೆಗೆ ಒರಗಿ ಕುಳಿತಿತ್ತು. ಹುಡುಗಿಯರು ಓಡಿದರು. ಒಬ್ಬಳು ಅದರ ತೊಡೆಯ ಮೇಲೆ ಕುಳಿತಳು, ಇಬ್ಬರು ಕೊರಳಿಗೆ ಜೋತುಬಿದ್ದರು. ಫೋಟೋದವನು, "ಕರಡಿ, ಕೈ ಎತ್ತು" ಎಂದ. ಕೈ ಏಳಲಿಲ್ಲ. ನಾನೇ ಮುಂದೆ ಹೋಗಿ ಆ ಕೈ ಎತ್ತಿ ಒಬ್ಬ ಹುಡುಗಿಯ ಹೆಗಲ ಮೇಲಿಟ್ಟೆ. ನಾನೇ. ಅದು ಜಾರಿ ಕೆಳಗೆ ಬಿತ್ತು. ಆಗ ಅದರ ಎದೆ ನೋಡಿದೆ. ನಾಯಿ ಏದುವ ಹಾಗೆ ಏದುತ್ತಿತ್ತು.

ತಲೆ ತೆಗೆಯಲು ಕೈ ಹಾಕಿದೆ. ಕಾವಲುಗಾರ ಓಡಿಬಂದು ನನ್ನ ರಟ್ಟೆ ಹಿಡಿದ. "ಹುಡುಗ್ರ ಮುಂದ ತಗ್ಯಾಂಗಿಲ್ರಿ ಮೇಡಂ. ಚಕ್ಕರ ಬಂದಿರಬೇಕು, ನಾವ ನೋಡ್ಕೋತೀವಿ." ಇಬ್ಬರು ಆಳು ಬಂದು ಅದನ್ನು ಹೊತ್ತುಕೊಂಡು ಗಿಡಗಳ ಹಿಂದೆ ಹೋದರು. ಹುಡುಗಿಯರು ಏನಾಯಿತೆಂದು ಕೇಳಿದರು. "ಕರಡಿಗೆ ನಿದ್ದಿ ಬಂತು" ಎಂದೆ. ಕಾಲು ಗಂಟೆಯೊಳಗೆ ಗಿಡಗಳ ಹಿಂದಿನಿಂದ ಕರಡಿ ಕುಣಿಯುತ್ತ ಬಂತು. ಅದೇ ತೊಗಲು, ಎದೆಯ ಮೇಲೆ ಅದೇ ಒದ್ದೆ. "ಎದ್ದ ಬಂತ್ರೀ ಅಕ್ಕೋರ!" ಎಂದು ಹುಡುಗಿಯರು ಚಪ್ಪಾಳೆ ತಟ್ಟಿದರು. ಒಳಗೆ ಇನ್ನೊಬ್ಬನನ್ನು ತುಂಬಿ ಕಳಿಸಿದ್ದರು. ನನಗೆ ಗೊತ್ತಿತ್ತು. ನಾನು ಸುಮ್ಮನೆ ನಿಂತಿದ್ದೆ.

ಊರಿಗೆ ಬಂದ ಕೂಡಲೇ ಓಣಿ ದಾಟಿ ಅವಳ ಬಾಗಿಲು ಬಡಿದೆ. ಎಲ್ಲವನ್ನೂ ಹೇಳಿದೆ. 'ನಾ ಹೇಳಿದ್ದಿಲ್ಲಾ' ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು. "ಜೀಂವ ಐತೇನ ಅಂವಗ?"

"ಗೊತ್ತಿಲ್ಲ."

"ಗೊತ್ತ ಮಾಡಿಕೊಳ್ಳದ ಬಂದ್ರಿ?"

ಮರುದಿನ ಮೊದಲ ಬಸ್ಸಿಗೆ ಹೋದಳು. ಮೂರನೆಯ ದಿನ ಬಂದಳು. ಸರಕಾರಿ ದವಾಖಾನೆಯಲ್ಲಿ ಹುಡುಕಿ ತೆಗೆದಿದ್ದಳು. ಆ ಕರಡಿ ಹಿಪ್ಪರಗಿಯ ಪ್ರಕಾಶ. ಜೀವ ಉಳಿದಿತ್ತು, ಮೂತ್ರಪಿಂಡಗಳು ಕೆಟ್ಟಿದ್ದವು. ಇನ್ನು ಭಾರ ಎತ್ತುವ, ಬಿಸಿಲಲ್ಲಿ ದುಡಿಯುವ ಮನುಷ್ಯನಲ್ಲ ಎಂದು ಡಾಕ್ಟರು ಹೇಳಿದ್ದರು. ಪಾರ್ಕಿನವರು ಅವನು ಕುಡಿದು ಕೆಲಸಕ್ಕೆ ಬಂದಿದ್ದ ಎಂದು ಬರೆದುಕೊಂಡು, ಅವನ ಅಣ್ಣನಿಂದ ಸಹಿ ಹಾಕಿಸಿಕೊಂಡು ಕೈ ತೊಳೆದುಕೊಂಡಿದ್ದರು.

"ಅಂವಾ ಚಹಾ ಸುದ್ಧಾ ಕುಡ್ಯಾಂಗಿಲ್ಲಂತ್ರಿ" ಎಂದಳು. "ನೀವ ಕಣ್ಣಾರೆ ಕಂಡೀರಿ. ಕೈ ಮುಟ್ಟಿ ನೋಡೀರಿ. ಪೊಲೀಸ್ ಠಾಣೇಕ ನನ್ನ ಕೂಡ ಬರ್ರಿ. ನಾ ಹೇಳಿದ್ರ ಯಾರ ಕೇಳತಾರ? ನೀವ ಓದಿದಾವ್ರು, ಸರಕಾರಿ ನೌಕರಿದಾವ್ರು."

ನೌಕರಿ ಎಂದಳಲ್ಲ, ಅದೇ ನನ್ನ ಕಾಲು ಕಟ್ಟಿತು. ಪರವಾನಗಿಯಿಲ್ಲದ ಪ್ರವಾಸ. ಹೆಡ್‌ಮಾಸ್ತರರನ್ನು ಕೇಳಿದರೆ, "ನೀವು ಹೋದ ದಿನ ನಾನು ರಜೆಯಲ್ಲಿದ್ದೆ, ನನಗೇನೂ ಗೊತ್ತಿಲ್ಲ" ಎಂದುಬಿಟ್ಟರು. ಸಸ್ಪೆಂಡ್ ಎಂಬ ಮಾತು ರಾತ್ರಿಯೆಲ್ಲ ಕಿವಿಯಲ್ಲಿ ಗುಂಯ್ಗುಟ್ಟಿತು. ಬೆಳಿಗ್ಗೆ ಅವಳು ಸೀರೆ ಉಟ್ಟು ತಯಾರಾಗಿ ನನ್ನ ಬಾಗಿಲಲ್ಲಿ ನಿಂತಿದ್ದಳು. "ನೋಡೂಣು ಸಾವಂತ್ರಕ್ಕ, ಆಮ್ಯಾಲ ನೋಡೂಣು" ಎಂದೆ. ಪಗಾರ ತಿನ್ನುವವರ ಬಾಯಿಂದ ಬರುವ ಮಾತು ಇದೊಂದೇ.

ಅವಳು ಒಬ್ಬಳೇ ಹೋದಳು. ಠಾಣೆಯಲ್ಲಿ ಬರೆದುಕೊಳ್ಳಲಿಲ್ಲ. ಅಲ್ಲಿಂದ ನೇರ ಪಾರ್ಕಿನ ಬಾಗಿಲಿಗೆ ಹೋಗಿ ಟಿಕೀಟಿನ ಕಿಟಕಿಯ ಮುಂದೆ ನಿಂತು, ಮಕ್ಕಳ ಕೈ ಹಿಡಿದು ಬರುವ ಪ್ರತಿಯೊಬ್ಬ ತಂದೆತಾಯಿಗೂ ಹೇಳಿದಳಂತೆ: "ಆ ಕರಡ್ಯಾಗ ಮನಷ್ಯಾ ಅದಾನ್ರಿ. ನೀರ ಕೊಡಸ್ರಿ. ತಲಿ ತಗ್ಯಾಕ ಹೇಳ್ರಿ." ಒಂದು ದಿನ ನಿಂತಳು, ಎರಡು ದಿನ ನಿಂತಳು. ಕೆಲವರು ಅವಳೂ ಪಾರ್ಕಿನ ಮನರಂಜನೆಯೇ ಎಂದುಕೊಂಡು ನಕ್ಕು ಮುಂದೆ ಹೋದರಂತೆ. ಮೂರನೆಯ ದಿನ ಮ್ಯಾನೇಜರ್ ಪೊಲೀಸರನ್ನು ಕರೆಸಿದ. ಬೆಳಗಿನಿಂದ ಸಂಜೆಯವರೆಗೆ ಠಾಣೆಯ ಕಟ್ಟೆಯ ಮೇಲೆ ಕೂರಿಸಿ, ಬಸ್ಸು ಹತ್ತಿಸಿ ಕಳಿಸಿದರು.

ಪೇಪರಿನಲ್ಲಿ ನಾಲ್ಕು ಸಾಲು ಬಂತು. ಮಾನಸಿಕ ಅಸ್ವಸ್ಥ ಮಹಿಳೆಯೊಬ್ಬಳು ಪಾರ್ಕಿನ ಬಳಿ ಗದ್ದಲ ಮಾಡಿದಳೆಂದು. ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ನನ್ನ ಮೈ ಉರಿದುಹೋಯಿತು. ಅಲ್ಲೇ ಕುಳಿತು ಸಂಪಾದಕರಿಗೆ ಮೂರು ಪುಟ ಬರೆದೆ. ಕೊನೆಯಲ್ಲಿ ಹೆಸರು ಹಾಕಲಿಲ್ಲ. ಹೆಸರಿಲ್ಲದ ಪತ್ರವನ್ನು ಯಾರು ಅಚ್ಚು ಹಾಕುತ್ತಾರೆ?

ಇಂದಿಗೂ ನಾನು ಆ ಮ್ಯಾನೇಜರನನ್ನು ಬೈಯುತ್ತೇನೆ, ಹೆಡ್‌ಮಾಸ್ತರರನ್ನು ಬೈಯುತ್ತೇನೆ, ಆ ನಾಲ್ಕು ಸಾಲು ಬರೆದವನನ್ನು ಬೈಯುತ್ತೇನೆ. ಬೈದು ಬೈದು ಸಾಲು ಮುಗಿಯುವಲ್ಲಿ ನಾನೇ ನಿಂತಿರುತ್ತೇನೆ. ಅಷ್ಟೂ ಜನರ ನಡುವೆ ಸಿಟ್ಟನ್ನು ಸರಿಯಾದ ಜಾಗಕ್ಕೆ ಒಯ್ದು ಮುಟ್ಟಿಸಿದವಳು ಅಕ್ಷರ ಬಾರದ ಅವಳೊಬ್ಬಳೇ.

ಅವಳು ಬನಹಟ್ಟಿ ಬಿಟ್ಟು ಮುಧೋಳದ ತಂಗಿಯ ಮಗಳ ಮನೆಗೆ ಹೋದಳು. ಹೋಗುವಾಗ ಓಣಿಯವರಿಗೆಲ್ಲ ಹೇಳಿದಳು, ನನಗೆ ಹೇಳಲಿಲ್ಲ. ಮೂರು ವರ್ಷದ ಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೆಲಸಕ್ಕೆ ಮುಧೋಳಕ್ಕೆ ಹೋದಾಗ ಮನೆ ಹುಡುಕಿಕೊಂಡು ಹೋದೆ. ಉಬ್ಬಸದಿಂದ ಸೊರಗಿದ್ದಳು. ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು.

"ತಪ್ಪಾತು ಸಾವಂತ್ರಕ್ಕ" ಎಂದೆ.

"ನನಗ್ಯಾಕ ಹೇಳ್ತಿ? ಹಿಪ್ಪರಗಿಗೆ ಹೋಗಿ ಹೇಳು. ಅಣ್ಣನ ಸೈಕಲ್ ಅಂಗಡ್ಯಾಗ ಕುಂತಿರ್ತಾನ ಅಂವಾ."

ಮೊದಲ ಬಾರಿಗೆ ನನಗೆ 'ನೀ' ಎಂದಿದ್ದಳು.

"ಈಗ ಬರದ ಕೊಡ್ತೀನಿ. ಕಂಡದ್ದೆಲ್ಲಾ. ಸಹಿ ಮಾಡಿ ಕೊಡ್ತೀನಿ."

"ಯಾರಿಗ ಕೊಡ್ತೀ ಬೇ ಈಗ? ಆ ಪಾರ್ಕ ಮುಚ್ಚಿ ವರ್ಷಾತು. ಮ್ಯಾನೇಜರ ಎಲ್ಲೆ ಹ್ವಾದ್ನೋ ಏನೋ." ಉಸಿರು ಹತ್ತಿ ನಿಲ್ಲಿಸಿದಳು. ಸುಧಾರಿಸಿಕೊಂಡು ಮುಂದುವರಿಸಿದಳು. "ಅವತ್ತ ನೀ ಬಂದಿದ್ರ ನಾವ ಇಬ್ಬರಾಗತಿದ್ವಿ. ನಾ ಒಬ್ಬಾಕಿ ಒದರಿದೆ, ಹುಚ್ಚಿ ಅಂದ್ರು. ಇಬ್ಬರ ಒದರಿದ್ರ ಹಂಗ ಅನ್ನಾಕ ಬರತಿದ್ದಿಲ್ಲ."

ಚಹಾ ಬಂತು. ನಾನು ಕುಡಿಯುವವರೆಗೆ ಬಿಡಲಿಲ್ಲ. ಸಿಟ್ಟಿದ್ದರೂ ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವವಳಲ್ಲ.

ಮರುವಾರವೇ ಹಿಪ್ಪರಗಿಗೆ ಹೋಗಿ ಪ್ರಕಾಶನನ್ನು ಕಂಡೆ. ಅವನು ನನ್ನ ಮಾತು ಕೇಳಿ, "ಇರಲಿ ಬಿಡ್ರಿ ಮೇಡಂ" ಎಂದ. ಅವನೂ ಒಂದು ಬೈಗುಳ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅದೇ ವರ್ಷ ಚಳಿಗಾಲದಲ್ಲಿ ಸಾವಂತ್ರಕ್ಕ ತೀರಿಕೊಂಡಳು. ನನಗೆ ತಿಳಿದದ್ದು ಹನ್ನೆರಡು ದಿನದ ಮೇಲೆ, ಎಲ್ಲ ಕಾರ್ಯ ಮುಗಿದ ಬಳಿಕ. ಓಡಿಹೋಗಿ ಅವಳ ತಂಗಿಯ ಮಗಳನ್ನು, "ಒಂದು ಸುದ್ದಿ ಮುಟ್ಟಿಸಬಾರದಾಗಿತ್ತೇನವ್ವಾ?" ಎಂದು ಜಗಳಕ್ಕೇ ನಿಂತೆ. ಆ ಹೆಣ್ಣುಮಗಳು ತಲೆ ತಗ್ಗಿಸಿ ಸೆರಗಿನ ಅಂಚು ತಿರುವುತ್ತ ನಿಂತಳು.

"ನಾ ಕಳಸಾವ್ಳ ಇದ್ದೆರಿ ಅಕ್ಕೋರ. ದೊಡ್ಡವ್ವನೇ ಬ್ಯಾಡ ಅಂದಿದ್ಲು. 'ಎಲ್ಲಾ ಮುಗದ ಮ್ಯಾಲ ಅಕ್ಕೋರಿಗೆ ಹೇಳು, ರಜಾ ಕೇಳಾಕ ಹೆದರತಾಳ ಅಕಿ' ಅಂದಿದ್ಲು."